ಅತ್ತೆ ಅನ್ನೋ ವಿಂಡೋ

ಹತ್ತನೇ ಕ್ಲಾಸಲ್ಲಿ ಡುಮ್ಕಿ ಹೊಡೆದು ಕಂಪ್ಯೂಟರ್ ಸೆಂಟರ್ ಸೇರಿದವನು ನಾನು. ಶಿಡ್ಲಘಟ್ಟದ ಒಂದು ರೇಷ್ಮೆಗೂಡಿನ ಅಂಗಡಿಗೆ ತೂಕದ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಪರದೆ ಮೇಲೆ ರೈತರ ಹೆಸರು ಕೇಳುವ ಚಿಕ್ಕ ವಿಂಡೋ ತೆರೆದರೆ, ಅದನ್ನು ಮುಚ್ಚೋವರೆಗೂ ಹಿಂದಿನ ತೂಕದ ವಿಂಡೋ ಮಿಸುಕಾಡುತ್ತಿರಲಿಲ್ಲ. ಥೇಟ್ ಅತ್ತೆ ಎದುರಿನ ಸೊಸೆ. ಅದಕ್ಕೇ ಚಿಕ್ಕದಕ್ಕೆ 'ಅತ್ತೆ' ಅಂತ ಹೆಸರಿಟ್ಟಿದ್ದೆ.

ಇದೇನು ಕಾಟ ಅಂತ ಅಂಗಡಿ ಮಾಲೀಕರು ಗೊಣಗಿದ್ದಕ್ಕೆ ಒಂದು ಬೆಳಿಗ್ಗೆ ಕೋಡಿನಲ್ಲಿ ಒಂದು ಪದ ಅಳಿಸಿ, ಎರಡಕ್ಕೂ ಬೇರೆ ಬೇರೆ ಸಂಸಾರ ಹೂಡಿಬಿಟ್ಟೆ. ಆಗಲೇ ಪೆರೇಸಂದ್ರದ ಅಜ್ಜಿ, ಸೊಸೆ ಜೊತೆ ಗೂಡು ತಂದರು. ನಾನು ತೂಕದ ವಿಂಡೋ ಒತ್ತಿದ್ದೇ ತಡ, ಹೆಸರಿನದು ಮಾಯ. ಹೆಸರಿಲ್ಲದೆ ತೂಗುವ ಹಾಗಿಲ್ಲ. ಬಿಸಿಲಿಗೆ ಗೂಡು ಒಣಗಿದಷ್ಟೂ ತೂಕ ಇಳಿಯುತ್ತೆ.

"ಬೇಗ ತೂಗಪ್ಪ," ಅಂದಳು ಸೊಸೆ.

"ಏನೋ ಹುಡುಕ್ತಿದೀಯ?" ಅಂದರು ಮಾಲೀಕರು.

"ಅತ್ತೆ ಕಾಣ್ತಿಲ್ಲ ಸಾರ್."

"ಇಲ್ಲೇ ಇದೀನಲ್ಲಪ್ಪ," ಅಂದರು ಅಜ್ಜಿ.

ಸೊಸೆ ಸೆರಗನ್ನು ಬಾಯಿಗೊತ್ತಿಕೊಂಡಳು. ತೂಕದ ವಿಂಡೋ ಪಕ್ಕಕ್ಕೆ ಎಳೆದರೆ, ಅದರ ಬೆನ್ನ ಹಿಂದೆಯೇ ಹೆಸರಿನದು ಕೂತಿತ್ತು.

"ಇದು ಅತ್ತೆ ವಿಂಡೋ ಅಜ್ಜಿ. ಮೊದ್ಲು ಯಾರನ್ನೂ ಅಲ್ಲಾಡಕ್ಕೆ ಬಿಡ್ತಿರ್ಲಿಲ್ಲ. ಸ್ವತಂತ್ರ ಕೊಟ್ಟೆ, ಹಿಂದಕ್ಕೆ ಹೋಗ್ಬಿಡ್ತು."

"ಸ್ವತಂತ್ರ ಇರ್ಲಿ ಕಣಪ್ಪ. ಅತ್ತೇನ ಮುಂದೆ ಕೂರಿಸು."

"ಆಗ್ಲಿ ಅಜ್ಜಿ" ಅಂತ ಗೂಡು ತೂಗಿಕೊಟ್ಟು, ಆಮೇಲೆ ಹಾಗೇ ಬರೆದೆ: ಎರಡೂ ತಮ್ಮ ಪಾಡಿಗೆ ಓಡಾಡಬಹುದು, ಅತ್ತೆ ಮಾತ್ರ ಸದಾ ಮುಂದೆ. ಪ್ರೋಗ್ರಾಂ ಆಮೇಲೆ ತಂಟೆ ಮಾಡಲಿಲ್ಲ. ಆದರೆ ಹೊರಡುವಾಗ ಆ ಸೊಸೆ ನನ್ನನ್ನು ನೋಡಿದ ನೋಟ ಇದೆಯಲ್ಲ, ಅದನ್ನು ಕಂಡು, ಮುಂದೆ ಹೆಣ್ಣು ನೋಡೋಕೆ ಪೆರೇಸಂದ್ರದ ಕಡೆ ಮಾತ್ರ ಹೋಗಬಾರದು ಅಂತ ಆವತ್ತೇ ತೀರ್ಮಾನ ಮಾಡಿದೀನಿ.