ಶಶಿಕಲಾ ಸಿಸ್ಟರಿಗೆ ತಲೆ ಸುತ್ತಿದ ದಿನ

ಮಾಗಡಿ ರಸ್ತೆಯಿಂದ ಹೇರೋಹಳ್ಳಿ ಕಡೆ ತಿರುಗಿ, ಗುಂಡಿ ತಪ್ಪಿಸಿಕೊಂಡು ಸ್ವಲ್ಪ ದೂರ ಹೋದರೆ ಗೂಳಪ್ಪ ಮೆಮೋರಿಯಲ್ ಆಸ್ಪತ್ರೆ ಸಿಗುತ್ತದೆ. ಮೊದಲು ಅದು ರಾಗಿ ಹೊಲ. ಹೊಲ ಗೂಳಪ್ಪನವರದು, ಕಟ್ಟಡ ಮಗ ಚಿಕ್ಕಣ್ಣನವರದು, ರೂಲ್ಸು ಮಾತ್ರ ಮೊಮ್ಮಗ ದರ್ಶನ್‌ನದು. ದರ್ಶನ್ ಓದಿದ್ದು ಹೋಟೆಲ್ ಮ್ಯಾನೇಜ್‌ಮೆಂಟು. ಹೋಟೆಲು ಕಟ್ಟಲು ತಾತನ ಹೊಲದಲ್ಲಿ ಜಾಗ ಉಳಿದಿರಲಿಲ್ಲವಾದ್ದರಿಂದ ಆಸ್ಪತ್ರೆಗೇ ಕ್ವಾಲಿಟಿ ಮ್ಯಾನೇಜರ್ ಆಗಿ ಬಂದ. ಆಮೇಲೆ ಶುರುವಾಯಿತು ನೋಡಿ.

ಅಲ್ಲಿ ಇಪ್ಪತ್ತೆರಡು ವರ್ಷದಿಂದ ನರ್ಸಾಗಿರುವವಳು ಶಶಿಕಲಾ. ಹುಟ್ಟಿ ಬೆಳೆದದ್ದು ಕಾಮಾಕ್ಷಿಪಾಳ್ಯದಲ್ಲಿ, ಮದುವೆಯಾಗಿ ಬಂದದ್ದು ಮೂಡಲಪಾಳ್ಯಕ್ಕೆ. ಈಗ ಮೂರನೇ ಮಹಡಿಯ ಹೆಂಗಸರ ವಾರ್ಡಿಗೆ ಇನ್‌ಚಾರ್ಜ್. ಅವಳು ಸೂಜಿ ಚುಚ್ಚಿದ್ದು ಗೊತ್ತೇ ಆಗುವುದಿಲ್ಲವೆಂದು ಪೇಷೆಂಟುಗಳು ಊರೆಲ್ಲ ಹೇಳಿಕೊಂಡು ಬರುತ್ತಾರೆ. ಅಂಥವಳ ಕುರ್ಚಿಯನ್ನೇ ದರ್ಶನ್ ಮೊದಲು ಕಿತ್ತುಕೊಂಡ. ನಿಂತಿರುವ ನರ್ಸು ಎಚ್ಚರವಾಗಿರುತ್ತಾಳಂತೆ. ನರ್ಸುಗಳ ಕುರ್ಚಿಗಳೆಲ್ಲ ಟೆರೇಸಿಗೆ ಹೋದವು, ಈಗ ಅವುಗಳ ಮೇಲೆ ಪಾರಿವಾಳಗಳು ಕೂರುತ್ತವೆ. ಆಮೇಲೆ ನೀರಿನ ಬಾಟಲಿ ಹೋಯಿತು, ಕೌಂಟರಿನ ಮೇಲೆ ಚೆನ್ನಾಗಿ ಕಾಣುವುದಿಲ್ಲವೆಂದು. ಆಮೇಲೆ ಮೊಬೈಲುಗಳು ನೆಲಮಾಳಿಗೆಯ ಲಾಕರಿಗೆ ಹೋದವು. ಕೊನೆಗೆ ‘ಇಲ್ಲ’ ಎನ್ನುವ ಮಾತೂ ಹೋಯಿತು. ಪೇಷೆಂಟು ಏನೇ ಕೇಳಲಿ, ‘ಇಲ್ಲ, ಆಗಲ್ಲ’ ಎನ್ನುವಂತಿಲ್ಲ. ‘ಖಂಡಿತ, ನೋಡ್ತೀನಿ’ ಎನ್ನಬೇಕು. ಮೊದಲ ವಾರವೇ ಗಂಡಸರ ವಾರ್ಡಿನಲ್ಲಿ ಬಸವಲಿಂಗಪ್ಪ ಎಂಬ ಹಿರಿಯರು ತಮ್ಮ ಹರ್ನಿಯಾ ಆಪರೇಷನ್ನಿನ ದಿನ ಬೆಳಿಗ್ಗೆ, ಒಂದು ಮಸಾಲೆ ದೋಸೆ ತಿನ್ನಬಹುದಾ ಎಂದು ಕೇಳಿದರು. ಪಾಪ ಆ ನರ್ಸು ‘ಖಂಡಿತ, ನೋಡ್ತೀನಿ’ ಎಂದಳು. ಅವರು ‘ಖಂಡಿತ’ವನ್ನಷ್ಟೇ ಕೇಳಿಸಿಕೊಂಡು ಕೆಳಗೆ ಹೋಗಿ ಎರಡು ತಿಂದು ಬಂದರು. ಆಪರೇಷನ್ ಮುಂದಕ್ಕೆ ಹೋಯಿತು. ಫೀಡ್‌ಬ್ಯಾಕ್ ಫಾರಂನಲ್ಲಿ ಬಸವಲಿಂಗಪ್ಪನವರು ಐದಕ್ಕೆ ಐದು ಸ್ಟಾರ್ ಕೊಟ್ಟರು, ದರ್ಶನ್ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತಗುಲಿಸಿದ.

ಮಹಡಿಗೊಂದು ಬಣ್ಣದ ರೂಲೂ ಬಂತು. ಮೂರನೇ ಮಹಡಿಯವರಿಗೆ ನೇರಳೆ ಯೂನಿಫಾರಂ, ಲೇಬರ್ ರೂಮಿರುವ ಎರಡನೇ ಮಹಡಿಯವರಿಗೆ ಹಸಿರು. ನೇರಳೆಯವರ ಕಾರ್ಡಿಗೆ ಎರಡನೇ ಮಹಡಿಯ ಬಾಗಿಲು ತೆರೆಯುವುದಿಲ್ಲ. ಹೋಗಲೇಬೇಕಾದರೆ ಒಂದು ಫಾರಂ ಇದೆ, ಅದಕ್ಕೆ ಎರಡೂ ಮಹಡಿಯ ಇನ್‌ಚಾರ್ಜುಗಳು ಎದುರೆದುರು ನಿಂತು ಸಹಿ ಹಾಕಬೇಕು. ಎದುರೆದುರು ನಿಲ್ಲಬೇಕಾದರೆ ಇಬ್ಬರಲ್ಲಿ ಒಬ್ಬರು ಇನ್ನೊಂದು ಮಹಡಿಗೆ ಹೋಗಬೇಕು. ಅದಕ್ಕೆ ಅದೇ ಫಾರಂ ಬೇಕು. ಆಯಾಗಳಿಗೆ ಮಾತ್ರ ಯಾವ ಬಣ್ಣವೂ ಬರಲಿಲ್ಲ. ಆಯಾಗಳೆಂಬವರು ಇದ್ದಾರೆಂಬುದೇ ದರ್ಶನ್‌ಗೆ ನೆನಪಾಗಿರಲಿಲ್ಲ, ಹೀಗಾಗಿ ಅವರ ಹಳೇ ಕಾರ್ಡಿಗೆ ಎಲ್ಲ ಬಾಗಿಲೂ ತೆರೆಯುತ್ತಿತ್ತು.

ಇದನ್ನೆಲ್ಲ ಶಶಿಕಲಾ ನಗುನಗುತ್ತಲೇ ನುಂಗಿಕೊಂಡಿದ್ದಳು. ಒಂದನ್ನು ಮಾತ್ರ ನುಂಗಲಾಗಿರಲಿಲ್ಲ. ಹೋದ ವರ್ಷ ಮಗಳು ಚೇತನಾಗೆ ಏಳೂವರೆ ತಿಂಗಳಿಗೇ ನೋವು ಬಂದು, ಗಂಡ ಸಿದ್ದೇಶ್ ಅವಳನ್ನು ಕೆಂಗೇರಿಯ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದ್ದ. ಅತ್ತೆಗೆ ಹನ್ನೊಂದು ಸಲ ಫೋನ್ ಮಾಡಿದ್ದ. ಹನ್ನೊಂದು ಸಲವೂ ಫೋನು ಲಾಕರಿನೊಳಗೆ ಹೊಡೆದುಕೊಂಡು ಸುಮ್ಮನಾಗಿತ್ತು. ಮೂರು ಗಂಟೆಗೆ ಡ್ಯೂಟಿ ಮುಗಿಸಿ ಲಾಕರ್ ತೆರೆಯುವ ಹೊತ್ತಿಗೆ ಅಲ್ಲಿ ಎಲ್ಲ ಮುಗಿದಿತ್ತು. ಮಗು ಅಳಲೇ ಇಲ್ಲವಂತೆ. ಚೇತನಾ ಅಮ್ಮನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಶಶಿಕಲಾಗೆ ಎಷ್ಟೋ ಹಗುರವಾಗುತ್ತಿತ್ತು. ಈ ಸಲ ಬಸಿರಾದಾಗ ಮಾತ್ರ ಅವಳು ಬಾಯಿ ಬಿಟ್ಟು ಕೇಳಿದಳು: “ಅಮ್ಮಾ, ಈ ಸಲ ನೀನು ಪಕ್ಕದಲ್ಲಿರ್ಬೇಕು. ಅಷ್ಟೇ. ಇನ್ನೇನೂ ಬೇಡ ನಂಗೆ.”

ಎಂದೇ ಶಶಿಕಲಾ ಮಗಳ ಹೆಸರನ್ನು ತನ್ನ ಆಸ್ಪತ್ರೆಯಲ್ಲೇ ಬರೆಸಿದಳು. ತಾನಿರುವ ಕಟ್ಟಡದಲ್ಲೇ ಹೆರಿಗೆಯಾದರೆ ಯಾರು ತಡೆಯುತ್ತಾರೆ ಎಂದುಕೊಂಡಳು. ರಿಜಿಸ್ಟ್ರೇಷನ್ ಫಾರಂನಲ್ಲಿ ‘ಸಿಬ್ಬಂದಿಯ ಕುಟುಂಬ’ ಎಂಬ ಚೌಕದೊಳಗೆ ತಾನೇ ಕೈಯಾರೆ, ಹೆಮ್ಮೆಯಿಂದ, ದೊಡ್ಡದೊಂದು ಟಿಕ್ ಹಾಕಿದಳು. ಅವಳು ಮಾಡಿದ ತಪ್ಪು ಅದೊಂದೇ. ಹಿಂದೆ ಯಾರೋ ಒಬ್ಬ ನರ್ಸು ತನ್ನ ಸೋದರಮಾವನಿಗೆ ಒಂದು ದಿಂಬು ಹೆಚ್ಚಿಗೆ ಕೊಟ್ಟಿದ್ದಳೆಂದು, ಸಿಬ್ಬಂದಿಯ ಬಂಧುಗಳು ದಾಖಲಾದಾಗ ಆ ಸಿಬ್ಬಂದಿ ಅವರ ಹಾಸಿಗೆಯ ಹತ್ತಿರ ಸುಳಿಯಕೂಡದು ಎಂಬ ರೂಲು ಬಂದು ಆಗಲೇ ಆರು ತಿಂಗಳಾಗಿತ್ತು. ಅಷ್ಟೊಂದು ರೂಲುಗಳ ನಡುವೆ ಅದು ಅವಳ ಕಣ್ಣಿಗೆ ಬಿದ್ದಿರಲಿಲ್ಲ, ಟಿಕ್ ಹಾಕಿದ ಮೇಲೆಯೇ ಗೊತ್ತಾಯಿತು.

ಹಾಗಿದ್ದರೆ ರಜೆ ಹಾಕಿ, ಬರಿಯ ತಾಯಿಯಾಗಿ ಬರುತ್ತೇನೆಂದು ಅರ್ಜಿ ಹಾಕಿದಳು. ರಜೆಯ ಆ್ಯಪು ಹೆರಿಗೆಯ ನಿಖರ ತಾರೀಖು ಕೇಳಿತು. ಡಾಕ್ಟರ್ ಹೇಳಿದ್ದ ಹದಿನಾಲ್ಕು ಎಂದು ಹಾಕಿದಳು. ಮಂಜೂರಾಯಿತು. ನೋವು ಬಂದದ್ದು ಹನ್ನೆರಡಕ್ಕೆ.

ಅವತ್ತು ಮಂಗಳವಾರ, ಬೆಳಿಗ್ಗೆ ಒಂಬತ್ತಕ್ಕೆ ಆಯಾ ಅಂಜಮ್ಮ ಮೂರನೇ ಮಹಡಿಗೆ ಏದುಸಿರು ಬಿಡುತ್ತ ಬಂದಳು. “ಸಿಸ್ಟರಮ್ಮಾ, ನಿಮ್ಮ ಮಗಳು ಕೆಳಗೆ ಲೇಬರ್ ರೂಮಲ್ಲವ್ಳೆ. ಅಳಿಯಂದ್ರು ಹೊರಗೆ ಕೂತವ್ರೆ, ಅವರನ್ನ ಒಳಗೆ ಬಿಡ್ತಾ ಇಲ್ಲ.” ಅಟೆಂಡರ್ ಪಾಸು ಒಬ್ಬರಿಗೇ, ಹೆಬ್ಬೆಟ್ಟು ಒತ್ತಿದ ಮೇಲೆ ಬದಲಾಯಿಸುವಂತಿಲ್ಲ. ಸಿದ್ದೇಶ್ ಒತ್ತಿಬಿಟ್ಟಿದ್ದ. ಲೇಬರ್ ರೂಮಿಗೆ ಗಂಡಸರಿಗೆ ಪ್ರವೇಶವಿಲ್ಲ. ಹೀಗಾಗಿ ಪಾಸು ಹೊರಗೆ, ಚೇತನಾ ಒಬ್ಬಳೇ ಒಳಗೆ.

ಶಶಿಕಲಾ ಕೌಂಟರಿನ ಫೋನಿನಿಂದ ದರ್ಶನ್‌ಗೆ ಮಾಡಿದಳು.

“ಸಾರ್, ನನ್ನ ರಜೆ ಇವತ್ತಿಗೆ ಹಾಕ್ಕೊಡಿ ಸಾರ್. ಮಗಳಿಗೆ ಇವತ್ತೇ ನೋವು ಬಂದ್ಬಿಟ್ಟಿದೆ.”

“ರಜೆ ಚೇಂಜ್ ಮಾಡ್ಬೇಕಾದ್ರೆ ಏಳು ದಿನ ಮುಂಚೆ ಹೇಳ್ಬೇಕು ಸಿಸ್ಟರ್.”

“ಏಳು ದಿನ ಮುಂಚೆ ನೋವು ಬಂದಿರ್ಲಿಲ್ಲ ಸಾರ್.”

“ಅರ್ಥ ಆಗತ್ತೆ. ಆದ್ರೆ ಸಿಸ್ಟಮ್ ತಗೊಳಲ್ಲ,” ಎಂದು ಅವನು ತುಂಬ ಮರ್ಯಾದೆಯಿಂದ ಫೋನಿಟ್ಟ. ‘ಇಲ್ಲ’ ಎನ್ನಲಿಲ್ಲ, ಅದನ್ನು ಒಪ್ಪಬೇಕು.

ಎಲ್ಲ ಬಿಟ್ಟು ಮೆಟ್ಟಿಲಿಳಿದು ಓಡಿದ್ದರಾಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ಬಾಗಿಲು ತೆರೆಯುವುದಿಲ್ಲ ಎಂಬುದೊಂದು. ಇನ್ನೊಂದು, ವಾರ್ಡಿನಲ್ಲಿ ಹದಿನಾಲ್ಕು ಜನ ಮಲಗಿದ್ದರು, ಇಬ್ಬರಿಗೆ ಡ್ರಿಪ್ ಹೋಗುತ್ತಿತ್ತು. ಜೊತೆಗಿದ್ದವಳು ಇನ್ನೂ ಟ್ರೈನಿ ಹುಡುಗಿ, ಪೂರ್ತಿ ನರ್ಸೊಬ್ಬಳಿಗೆ ಒಪ್ಪಿಸದೆ ಅವರನ್ನು ಬಿಟ್ಟು ಹೋಗುವ ಹೆಂಗಸಲ್ಲ ಅವಳು. ಹನ್ನೊಂದರವರೆಗೂ ಔಷಧಿ ಕೊಟ್ಟಳು, ಬಿ.ಪಿ. ನೋಡಿದಳು. ಅಂಜಮ್ಮ ಮೇಲಕ್ಕೂ ಕೆಳಕ್ಕೂ ಸುದ್ದಿ ಹೊರುತ್ತಿದ್ದಳು. ನಾಲ್ಕನೇ ಸಲ ಬಂದವಳು ಸುದ್ದಿ ಹೇಳದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಸಿಸ್ಟರಮ್ಮಾ, ನೀವು ತಲೆ ಸುತ್ತು ಬಂದು ಬಿದ್ಬಿಡಿ.”

ಅಂಜಮ್ಮನದು ಹುಚ್ಚು ಮಾತಲ್ಲ. ಹೋದ ಬೇಸಿಗೆಯಲ್ಲಿ ಇದೇ ವಾರ್ಡಿನ ಕೀರ್ತನಾ ಎಂಬ ಟ್ರೈನಿ ಹುಡುಗಿ, ನೀರಿಲ್ಲದೆ ಬೆಳಗಿನಿಂದ ನಿಂತೂ ನಿಂತೂ ಬಿದ್ದುಬಿಟ್ಟಿದ್ದಳು. ಕುರ್ಚಿ ವಾಪಸು ಕೊಡುವ ಬದಲು ದರ್ಶನ್ ಇನ್ನೊಂದು ರೂಲು ಮಾಡಿದ್ದ: ತಲೆ ಸುತ್ತಿದ ಸಿಬ್ಬಂದಿಯನ್ನು ಒಂದು ಹೆಜ್ಜೆಯೂ ನಡೆಸದೆ ವೀಲ್‌ಚೇರಿನಲ್ಲಿ ಕೂರಿಸಿ ಅಡ್ಮಿಟ್ ಮಾಡಬೇಕು, ಇಪ್ಪತ್ತನಾಲ್ಕು ಗಂಟೆ ಹಾಸಿಗೆಯಲ್ಲಿಡಬೇಕು, ಬದಲಿ ನರ್ಸು ಹತ್ತು ನಿಮಿಷದಲ್ಲಿ ಬರಬೇಕು. ಕೆಳಗಿನ ಕೋಣೆಗಳಿಗೆ ಬಣ್ಣ ಹೊಡೆಯುತ್ತಿದ್ದುದರಿಂದ ಹಾಗೆ ಬಿದ್ದ ಹೆಂಗಸರನ್ನು ಈ ತಿಂಗಳು ಮಲಗಿಸುತ್ತಿದ್ದುದು ಎರಡನೇ ಮಹಡಿಯಲ್ಲಿ, ಲೇಬರ್ ರೂಮಿಗೆ ಅಂಟಿಕೊಂಡ ಕೋಣೆಯಲ್ಲಿ.

“ನಾಟಕ ಆಡೋಕೆ ನಂಗೆ ಬರಲ್ಲ ಅಂಜಮ್ಮ,” ಎಂದಳು ಶಶಿಕಲಾ. “ಇಷ್ಟು ವರ್ಷದಲ್ಲಿ ಒಂದಿನ ಸುಳ್ಳು ಹೇಳಿ ರಜ ಹಾಕಿಲ್ಲ.”

“ಬೆಳಿಗ್ಗೆ ತಿಂಡಿ ತಿಂದ್ರಾ?”

“ಎಲ್ಲಿ. ಬಸ್ಸಿಗೆ ಹೊತ್ತಾಗಿತ್ತು.”

“ನೀರು?”

“ಇಲ್ಲ.”

“ಒಂದು ಗಳಿಗೆ ಕೂತ್ರಾ?”

“ಎಲ್ಲಿ ಕೂರ್ಲಿ?”

“ಮತ್ತೆ ನಾಟಕ ಎಲ್ಲಿಂದ ಬಂತು?” ಎಂದಳು ಅಂಜಮ್ಮ.

ಕೀರ್ತನಾ ಬಿ.ಪಿ. ನೋಡಿದಳು. ತೊಂಬತ್ತು, ಐವತ್ತೆಂಟು. ಅದನ್ನು ಕಂಡದ್ದೇ ಶಶಿಕಲಾಗೆ ಕಣ್ಣು ಕತ್ತಲೆ ಬಂದು, ಅವಳು ನಿಜವಾಗಿಯೇ ಕೌಂಟರಿಗೆ ಒರಗಿದಳು. ಇಷ್ಟು ಹೊತ್ತು ಬೀಳಲು ಪುರುಸೊತ್ತಿರಲಿಲ್ಲ ಅಷ್ಟೆ. ಬದಲಿ ನರ್ಸು ಎಂಟೇ ನಿಮಿಷದಲ್ಲಿ ಬಂದಳು. ಒಬ್ಬೊಬ್ಬ ಪೇಷೆಂಟಿನ ಹೆಸರು ಹಿಡಿದು ಎಲ್ಲ ಒಪ್ಪಿಸಿ, ಶಶಿಕಲಾ ವೀಲ್‌ಚೇರಿನಲ್ಲಿ ಕುಳಿತಳು. ಆ ಆಸ್ಪತ್ರೆಯಲ್ಲಿ ಡ್ಯೂಟಿಯ ಹೊತ್ತಿನಲ್ಲಿ ಅವಳು ಕುಳಿತು ಒಂದೂವರೆ ವರ್ಷವಾಗಿತ್ತು. ಎಂಥ ಸುಖ ಎನಿಸಿ ನಾಚಿಕೆಯೂ ಆಯಿತು.

ಕ್ಯಾಷುಯಲ್ಟಿಯಲ್ಲಿ ನೇರಳೆ ಯೂನಿಫಾರಂ ಕಳಚಿ ಪೇಷೆಂಟುಗಳ ಗೌನು ತೊಡಿಸಿದರು, ಕೈಗೆ ಹಳದಿ ಪಟ್ಟಿ ಕಟ್ಟಿದರು. ಹಳದಿ ಎಂದರೆ ಎಲ್ಲಿ ಬೇಕಾದರೂ ಬೀಳಬಹುದಾದ ಪೇಷೆಂಟು, ಮಂಚದಿಂದ ಇಳಿಸಕೂಡದು ಎಂದು ಅರ್ಥ. ಬೆಳಗಿನಿಂದ ಅವಳಿಗೆ ತೆರೆಯದ ಎರಡನೇ ಮಹಡಿಯ ಬಾಗಿಲು ಈಗ ತಾನಾಗಿ ತೆರೆದುಕೊಂಡಿತು. ಬಾಗಿಲ ಬಳಿ ಕೂತಿದ್ದ ಸಿದ್ದೇಶ್, “ಅಯ್ಯೋ ಅತ್ತೆ, ನಿಮಗೇನಾಯ್ತು?” ಎಂದು ಗಾಬರಿಯಿಂದ ಎದ್ದ. “ತಲೆ ಸುತ್ತು ಕಣಪ್ಪ, ಗಾಬರಿಯಾಗ್ಬೇಡಿ, ಚೆನ್ನಾಗಿದೀನಿ,” ಎಂದಳು. ಅವನಿಗೆ ಏನೂ ಅರ್ಥವಾಗಲಿಲ್ಲ.

ಮಂಚದ ಮೇಲೆ ಮಲಗಿದರೆ ಗೋಡೆಯಾಚೆಯಿಂದ ಚೇತನಾ ನರಳುವುದು ಕೇಳುತ್ತಿತ್ತು. ಶಶಿಕಲಾ ಗಂಟೆ ಒತ್ತಿದಳು. ಹಸಿರು ಯೂನಿಫಾರಮಿನ ರಾಗಿಣಿ ಬಂದಳು. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿದ್ದ, ಎಲ್ಲ ರೂಲುಗಳನ್ನೂ ಬಾಯಿಪಾಠ ಮಾಡಿದ್ದ ಹುಡುಗಿ.

“ನನ್ನ ಮಂಚಾನ ಒಳಗೆ ಚೇತನಾ ಪಕ್ಕಕ್ಕೆ ತಳ್ತೀಯೇನಮ್ಮ?”

ಪೇಷೆಂಟು ಕೇಳಿದ್ದಕ್ಕೆ ‘ಇಲ್ಲ’ ಎನ್ನುವಂತಿಲ್ಲ, ಸಿಬ್ಬಂದಿಯನ್ನು ಬಂಧುವಿನ ಹತ್ತಿರ ಬಿಡುವಂತಿಲ್ಲ. “ಅಕ್ಕಾ, ಒಂದ್ನಿಮಿಷ,” ಎಂದು ರಾಗಿಣಿ ಓಡಿ ದರ್ಶನ್‌ನನ್ನೇ ಕರೆತಂದಳು. ಅವನು ಟೈ ಸರಿಮಾಡಿಕೊಳ್ಳುತ್ತ ಬಂದು ನಿಂತ.

“ಸಿಸ್ಟರ್, ನೀವು ಸ್ಟಾಫು. ಪಾಲಿಸಿ ನಿಮಗೆ ಗೊತ್ತಲ್ವಾ?”

ಶಶಿಕಲಾ ಹಳದಿ ಪಟ್ಟಿ ಕಟ್ಟಿದ ಕೈ ಎತ್ತಿ ತೋರಿಸಿದಳು. “ನಾನೀಗ ಪೇಷೆಂಟು ಸಾರ್. ನಾನು ನನ್ನ ಮಗಳ ಪಕ್ಕದಲ್ಲಿರಬಹುದಾ?”

ದರ್ಶನ್ ಬಾಯಿ ತೆರೆದ. ಒಳಗೆ ಚೇತನಾ “ಅಮ್ಮಾ” ಎಂದು ಕಿರುಚಿದಳು. ಅವನ ಹಿಂದಿನ ಗೋಡೆಯ ಮೇಲೆ, ಅವನೇ ಅಂಟಿಸಿದ ಬೋರ್ಡಿನಲ್ಲಿ, ಪೇಷೆಂಟಿಗೆ ಹೇಳಬಾರದ ಮಾತುಗಳ ಪಟ್ಟಿ ಇತ್ತು. ರಾಗಿಣಿ ಅದನ್ನೂ ನೋಡಿದಳು, ಅವನನ್ನೂ ನೋಡಿದಳು.

“ಖಂಡಿತ,” ಎಂದ ದರ್ಶನ್. ಟೈ ಸಡಿಲಿಸಿಕೊಂಡು, “ನೋಡ್ತೀನಿ,” ಎಂದ. ನೋಡಲು ತನ್ನ ಆಫೀಸಿಗೆ ಹೋದ. ಅವನ ಬೆನ್ನು ಕಾಣದಾದ ಕೂಡಲೇ ಅಂಜಮ್ಮ ಮಂಚದ ಗಾಲಿಯ ಬ್ರೇಕು ಬಿಟ್ಟಳು.

ಹೀಗೆ ಶಶಿಕಲಾ, ಮಂಚದ ಸಮೇತ, ಮಗಳ ಪಕ್ಕಕ್ಕೆ ಬಂದಳು. ಚೇತನಾ ಕಣ್ಣು ತೆರೆದು, ಗೌನು ತೊಟ್ಟು ಮಲಗಿದ್ದ ತಾಯಿಯನ್ನು ಕಂಡು, ಅಂಥ ನೋವಿನಲ್ಲೂ “ಇದೇನಮ್ಮಾ ಅವತಾರ?” ಎಂದಳು. ಶಶಿಕಲಾ ಅವಳ ಕೈ ಹಿಡಿದುಕೊಂಡಳು.

ಡಾಕ್ಟರ್ ಲತಾ ಬಂದರು. ಎರಡು ಮಂಚ ನೋಡಿದರು, ಏನೂ ಕೇಳದೆ ಗ್ಲೌಸು ತೊಟ್ಟರು. ನೋವು ಜೋರಾಯಿತು. ಶಶಿಕಲಾಳ ಬಾಯಿಂದ ಇಪ್ಪತ್ತೆರಡು ವರ್ಷದ ರೂಢಿಯ ಮಾತುಗಳು ಸಲೀಸಾಗಿ ಬಂದವು: “ಉಸಿರು ದೀರ್ಘವಾಗಿ ತಗೊಳಮ್ಮ. ಎಲ್ಲ ನಾರ್ಮಲ್ ಇದೆ. ತುಂಬ ಚೆನ್ನಾಗಿ ಕೋಆಪರೇಟ್ ಮಾಡ್ತಿದ್ದೀಯ.”

“ಸಿಸ್ಟರ್ ತರ ಮಾತಾಡ್ಬೇಡಮ್ಮ!” ಎಂದು ಚೇತನಾ ಅರಚಿದಳು. “ನೀನು ಬಾ!”

ಶಶಿಕಲಾಗೆ ಕಪಾಳಕ್ಕೆ ಹೊಡೆದಂತಾಯಿತು. ಹಳದಿ ಪಟ್ಟಿಯನ್ನು ಮರೆತು ಮಂಚದಿಂದ ಇಳಿದೇ ಬಿಟ್ಟಳು. ಮಗಳ ತಲೆಯನ್ನು ಎದೆಗವಚಿಕೊಂಡು, “ಮುಕ್ಕೇ ನನ್ನ ಬಂಗಾರ, ಇನ್ನೊಂದು ಸಲ ಮುಕ್ಕೇ, ನಂಗೂ ಭಯ ಆಗ್ತಾ ಇದೆ ಕಣೇ,” ಎಂದಳು. ಹೆರಿಗೆಯಲ್ಲಿರುವ ಹೆಂಗಸಿಗೆ ತನಗೆ ಭಯವೆಂದು ಹೇಳಕೂಡದು ಎಂಬುದು ದರ್ಶನ್‌ಗಿಂತ ಎಷ್ಟೋ ಹಳೆಯ ರೂಲು. ಚೇತನಾ ಅದನ್ನು ಕೇಳಿ ತಾಯಿಯ ತೋಳು ಬಿಗಿಯಾಗಿ ಹಿಡಿದಳು, ಹಲ್ಲು ಕಚ್ಚಿ ಮುಕ್ಕಿದಳು.

ಮಗು ಬಂತು. ಹೆಣ್ಣು. ಅಳಲಿಲ್ಲ. ಡಾಕ್ಟರು ಬೆನ್ನು ಉಜ್ಜಿದರು. ಚೇತನಾ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ನಗು ತರಿಸಲು ಶಶಿಕಲಾಗೆ ಆಗಲೇ ಇಲ್ಲ. ಆಮೇಲೆ ಮಗು ಒಮ್ಮೆ ಸೀನಿ, ಎರಡು ಮಹಡಿಗೆ ಕೇಳುವಂತೆ ಕಿರುಚಿಕೊಂಡಿತು.

ರಾಗಿಣಿ ಅದನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿದಳು. ರೂಲಿನ ಪ್ರಕಾರ ಮಗುವನ್ನು ಮೊದಲು ಪಾಸು ಇದ್ದವರಿಗೆ ತೋರಿಸಿ ಸಹಿ ಪಡೆಯಬೇಕು. ಹಳದಿ ಪಟ್ಟಿಯವರ ಕೈಗಂತೂ ಕೊಡಲೇಬಾರದು. ಅವಳು ಬಾಗಿಲ ಕಡೆ ಎರಡು ಹೆಜ್ಜೆ ಹಾಕಿ ನಿಂತಳು. ತಿರುಗಿ ಬಂದು, “ಹಿಡ್ಕೊಳ್ಳಿ ಅಕ್ಕ,” ಎಂದು ಮಗುವನ್ನು ಶಶಿಕಲಾಳ ತೋಳಿಗಿಟ್ಟಳು.

ಸಾವಿರ ಮಕ್ಕಳನ್ನು ಎತ್ತಿದ್ದ ಶಶಿಕಲಾ ಮಗುವನ್ನು ಅಪ್ಪಿಕೊಂಡು ಗೊಳೋ ಎಂದು ಅಳತೊಡಗಿದಳು, ಎಷ್ಟು ಜೋರಾಗಿ ಎಂದರೆ ಮಗುವೇ ಸುಮ್ಮನಾಯಿತು.

“ಅಮ್ಮಾ, ಸಾಕು ಅತ್ತಿದ್ದು,” ಎಂದಳು ಚೇತನಾ ಎರಡೂ ಕೈ ಚಾಚಿ. “ಇತ್ತ ಕೊಡು. ನಾನಿನ್ನೂ ನೋಡೇ ಇಲ್ಲ.”