ತಲೆಯ ಮೇಲಿನ ಹೆಂಟೆ

ಊಟವಾಗಿ ಒಂದು ತಾಸು ಕಳೆಯುವುದರೊಳಗೆ ಮತ್ತೆ ಅಡುಗೆಮನೆಯ ಹೊಸ್ತಿಲಿಗೆ ಬಂದು ರೊಟ್ಟಿ ಆದವೇ ಎಂದು ವಿಚಾರಿಸುವ ಮುದುಕನನ್ನು ಕಂಡರೆ ಯಾರಿಗಾದರೂ ನಗು ಬರುತ್ತದೆ. ಆ ಮುದುಕ ನಾನೇ. ಇದು ಮರೆವಲ್ಲ, ಹಸಿವು ಎಂದು ಸಮಜಾಯಿಷಿ ಕೊಡಬಹುದಿತ್ತು. ಆದರೆ ನಾನು ಉಂಡ ತಾಟನ್ನು ಸೊಸೆ ನನ್ನ ಕಣ್ಣೆದುರಿಗೇ ತಿಕ್ಕುತ್ತಿದ್ದಳು. ಸಾಕ್ಷ್ಯ ಅಷ್ಟು ಪ್ರಬಲವಾಗಿರುವಾಗ ವಾದಕ್ಕಿಳಿಯುವುದು ವಿವೇಕಿಗಳ ಲಕ್ಷಣವಲ್ಲ.

ಲಿಂಗಸುಗೂರು, ಮಸ್ಕಿ, ಕೊನೆಗೆ ಸಿಂಧನೂರು ಎಂದು ಊರೂರು ಸುತ್ತಿ, ನಿಜಾಮ ಸರ್ಕಾರದ ಅಪ್ಪಣೆಯಂತೆ ಉರ್ದುವಿನಲ್ಲಿ ಪಾಠ ಹೇಳಿ, ಸ್ವಂತ ಸಂತೋಷಕ್ಕೆ ಕನ್ನಡದಲ್ಲಿ ಬೈಯುತ್ತ ಆಯುಷ್ಯವೆಲ್ಲ ಮಾಸ್ತರಿಕೆ ಮಾಡಿದವನು ನಾನು. ಈಗ ಹುಟ್ಟೂರು ಸಾಲಗುಂದದ ಮನೆಯ ಕಟ್ಟೆಯ ಮೇಲೆ ಕೂತು ನೆನಪುಗಳ ಹಾಜರಿ ಕರೆದರೆ ನಿನ್ನೆ ಮೊನ್ನೆಯವೆಲ್ಲ ಗೈರುಹಾಜರು. ಐವತ್ತು ವರ್ಷ ಹಿಂದಿನವು ಮಾತ್ರ ತಲೆ ಬಾಚಿಕೊಂಡು ಮುಂದಿನ ಸಾಲಿನಲ್ಲಿ ಕೂತಿರುತ್ತವೆ. ಇದನ್ನು ಮನೆಯವರು ಅರಳುಮರಳು ಎನ್ನುತ್ತಾರೆ. ನನಗೆ ಈ ಮಾತು ಸೇರುವುದಿಲ್ಲ. ಕಾಲ ಕಳೆದುಹೋಗಿದ್ದರೆ ಅದು ನಿಮ್ಮ ಪಾಲಿಗೆ, ಓದುಗ ಮಿತ್ರರೇ. ನನ್ನ ಹತ್ತಿರ ಅದು ಕ್ಷೇಮವಾಗಿದೆ.

ಹೋದ ಬೇಸಿಗೆಯಲ್ಲಿ ನನ್ನ ಈ ಅಹಂಕಾರಕ್ಕೊಂದು ಪರೀಕ್ಷೆ ಬಂತು. ನಮ್ಮ ಎರೆಹೊಲಕ್ಕೆ ಹತ್ತಿಕೊಂಡೇ ನಾಗಮ್ಮನ ಹೊಲವಿದೆ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಜೋಳ ಬೆಳೆದುಕೊಂಡು ಬದುಕುವ ಹೆಣ್ಣುಮಗಳು. ನಡುವಿನ ಬದು ಹಳ್ಳದ ನೀರಿಗೆ ಕೊಚ್ಚಿಹೋಗಿ, ಗಡಿಕಲ್ಲುಗಳೂ ಉರುಳಿ ಬಹಳ ವರ್ಷಗಳಾಗಿದ್ದವು. ಅಂದಿನಿಂದ ನನ್ನ ಮಗನ ನೇಗಿಲು ವರ್ಷಕ್ಕೊಂದು ಸಾಲು ಆಚೆಗೆ ಸರಿಯುತ್ತ ಅವಳ ಹೊಲದ ಒಂದು ಪಟ್ಟಿಯನ್ನೇ ನುಂಗಿತ್ತು. ಮೊದಲು ಬೇಕೆಂದೇ ಮಾಡಿದ ಎನ್ನಲಾರೆ. ಗೊತ್ತಾದ ಮೇಲೂ ಅವನು ನೇಗಿಲನ್ನು ಹಿಂದಕ್ಕೆ ಸರಿಸಲಿಲ್ಲ.

ನಾಗಮ್ಮ ಊರ ಹಿರಿಯರ ಮುಂದೆ ಹೇಳಿಕೊಂಡಳು. ತಹಶೀಲ ಕಚೇರಿಗೆ ಹೋದರೆ ಅರ್ಜಿ ಬರೆಯುವುದರಲ್ಲೇ ಚಪ್ಪಲಿ ಸವೆಯುತ್ತವೆಂದು ಹಿರಿಯರು ಹಳೆಯ ರೂಢಿಯನ್ನೇ ಹಿಡಿದರು. ಗಡಿ ಬಲ್ಲ ಮುದುಕನೊಬ್ಬ ಜಳಕ ಮಾಡಿ, ಆ ಹೊಲದ್ದೇ ಮಣ್ಣಿನ ಹೆಂಟೆಯೊಂದನ್ನು ತಲೆಯ ಮೇಲಿಟ್ಟುಕೊಂಡು ನಡೆಯಬೇಕು. ಅವನು ನಡೆದದ್ದೇ ಬದು. ಸುಳ್ಳು ನಡೆದರೆ ಅವನ ಮನೆತನ ಮಣ್ಣುಗೂಡುತ್ತದೆ ಎಂಬ ನಂಬಿಕೆ. ಗಡಿ ಬಲ್ಲವರಲ್ಲಿ ಉಳಿದವನು ನಾನೊಬ್ಬನೇ.

ಮಗನಿಗೆ ಉಪಾಯ ಹೊಳೆಯಿತು. ಅಪ್ಪನಿಗೆ ಉಂಡದ್ದೇ ನೆನಪಿರುವುದಿಲ್ಲ, ಅವನ ನಡಿಗೆಯನ್ನು ಹೇಗೆ ನಂಬುತ್ತೀರಿ ಎಂದು ಹೊಲದಲ್ಲಿ ನೆರೆದಿದ್ದ ಹಿರಿಯರನ್ನು ಬಹಳ ವಿನಯದಿಂದ ಕೇಳಿ, ಎರಡನೆಯ ಊಟದ ಕಥೆಯನ್ನು ಬಿಡಿಸಿ ಬಿಡಿಸಿ ಹೇಳಿದ. ಜನ ನಕ್ಕರು. ನಾಗಮ್ಮ ನಗಲಿಲ್ಲ.

"ಮಾಸ್ತರು ನಡೀಲಿ ಬಿಡ್ರಿ," ಎಂದಳು. "ಅವರು ನಡದು ಬಿಟ್ಟಷ್ಟೇ ನನ್ನ ಹೊಲ."

ನನಗೆ ಮೈಯೆಲ್ಲ ಉರಿಯುತ್ತಿತ್ತು. ಅರಳುಮರಳು ಎಂದದ್ದಕ್ಕಲ್ಲ, ಮನೆಯಲ್ಲಿ ದಿನಾ ಕೇಳುವ ಮಾತು ಅದು. ನನ್ನ ಮರೆವು ನನ್ನ ಮಗನಿಗೇ ಲಾಭದ ಬಾಬ್ತಾಗಿದೆ ಎಂಬುದಕ್ಕೆ. ಬಗ್ಗಿ ಹೆಂಟೆಯನ್ನೆತ್ತಿ ತಲೆಯ ಮೇಲಿಟ್ಟುಕೊಂಡೆ.

ನಿಜ ಹೇಳುತ್ತೇನೆ, ಇಪ್ಪತ್ತು ಹೆಜ್ಜೆ ಹಾಕುವಷ್ಟರಲ್ಲಿ ದಿಕ್ಕು ತಪ್ಪಿತು. ಎತ್ತ ನೋಡಿದರೂ ಒಂದೇ ಕರಿ ನೆಲ. ಹೆಂಟೆಯ ಪುಡಿ ಉದುರಿ ಕಣ್ಣಿಗೆ ಬೀಳುತ್ತಿತ್ತು. ಕಣ್ಣು ಮುಚ್ಚಿಕೊಂಡೆ. ಆಗ ನೆನಪಾಯಿತು: ಈ ಬದುವಿಗೆ ಮಣ್ಣು ಹೊತ್ತವನೇ ನಾನು, ಮೀಸೆ ಚಿಗುರುವ ವಯಸ್ಸಿನಲ್ಲಿ, ನಾಗಮ್ಮನ ಗಂಡನ ಜೊತೆಗೆ. ನಡುವೆ ಒಂದು ಬನ್ನಿಗಿಡ ಅಡ್ಡ ಬಂದಿತ್ತು. ಕಡಿಯಲು ಮನಸ್ಸಾಗದೆ ನಮ್ಮಪ್ಪ ಬದುವನ್ನೇ ತನ್ನ ಹೊಲದೊಳಕ್ಕೆ ಬಾಗಿಸಿ, ಮುಂದೆ ಹಾಗೆಯೇ ಒಯ್ದಿದ್ದ. ಅಲ್ಲೀಗ ಗಿಡವಿಲ್ಲ. ನನ್ನ ಕಾಲಿಗೆ ಇತ್ತು. ನಾನೂ ನಮ್ಮ ಹೊಲದ ಕಡೆಗೇ ಬಾಗಿ ನಡೆದೆ. ಕೊನೆ ಮುಟ್ಟಿ ತಿರುಗಿ ನೋಡಿದರೆ, ನಾಗಮ್ಮ ಕೇಳಿದ್ದಕ್ಕಿಂತ ನಾಲ್ಕು ಸಾಲು ಹೆಚ್ಚಿಗೇ ಅವಳ ಕಡೆಗೆ ಹೋಗಿದ್ದವು.

ಮನೆಯ ದಾರಿಯಲ್ಲಿ ಮಗ ತಡೆಯಲಾರದೆ ಬಾಯಿ ಬಿಟ್ಟ.

"ಮರತೀನಿ ಅಂದಿದ್ರ ಯಾರು ಏನಂತಿದ್ರಪ್ಪಾ? ಮುದುಕ ಆಗ್ಯಾನ ಅಂತ ಸುಮ್ಮನಾಗ್ತಿದ್ರು."

ತಲೆಯ ಮಣ್ಣನ್ನು ಕೊಡವಿಕೊಳ್ಳದೆಯೇ ಹೇಳಿದೆ:

"ನಿನಗ ಬೇಕಾದಾಗ ಮರಿಯೂವಷ್ಟು ಮುದುಕ ನಾ ಇನ್ನೂ ಆಗಿಲ್ಲಪಾ."