ಕಾರ್ಡನ್ನು ಇನ್ನೊಮ್ಮೆ ಕೂಗಿಸುವವರು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಅಡುಗೆಮನೆಯ ಪಕ್ಕದ ಕಿರುಕೋಣೆಯಲ್ಲಿ ರಿಪೇರಿ ಅಕ್ಕ ಹಳೆಯ ಕಂಪ್ಯೂಟರೊಂದರ ತಗಡಿನ ಮೈಮೇಲೆ ಅಂಗೈ ಇಟ್ಟು, ಮಗುವಿಗೆ ಜ್ವರ ಬಂದಿದೆಯೇ ಎಂದು ನೋಡುವಂತೆ ನೋಡುತ್ತಾರೆ. ತಣ್ಣಗಿದೆ. ಸಮಾಧಾನದ ಉಸಿರು ಬಿಡುತ್ತಾರೆ. ಬಾಗಿಲಲ್ಲಿ ಅವರ ಯಜಮಾನರು, ಬಸ್ ಡ್ರೈವರ್, ಯೂನಿಫಾರ್ಮ್ ತೊಟ್ಟು ಕೈಕಟ್ಟಿ ನಿಂತಿದ್ದಾರೆ. "ನೋಡು, ಇವತ್ತು ನಾನು ಏನೂ ಮುಟ್ಟಿಲ್ಲ" ಎನ್ನುತ್ತಾರೆ.

ನಿನ್ನೆ ಮುಟ್ಟಿದ್ದರು. ಹೊರಡುವ ಮುಂಚೆ ಬಸ್ಸಿನ ಎಂಜಿನ್ ಬಿಸಿ ಮಾಡಿಟ್ಟು ರೂಢಿಯಾದ ಮನುಷ್ಯ. ಹೆಂಡತಿಗೆ ಅನುಕೂಲವಾಗಲಿ ಎಂದು, ಆಕೆ ಏಳುವ ಮೊದಲೇ ಕಂಪ್ಯೂಟರನ್ನೂ ಆನ್ ಮಾಡಿಟ್ಟರು! ಆ ದಿನದ ಕೆಲಸ ನೀರುಪಾಲಾಯಿತು. ಅಕ್ಕನಿಗೆ ಬೇಕಾದದ್ದು ರಾತ್ರಿಯಿಡೀ ಆರಿಸಿಟ್ಟು ತಣ್ಣಗಾದ ಯಂತ್ರ. ಒಮ್ಮೆ ಬಿಸಿಯಾದರೆ ಮತ್ತೆ ಮಾರನೆಯ ಬೆಳಗಿನವರೆಗೆ ಕಾಯಬೇಕು.

ಹಗಲೆಲ್ಲ ಅಕ್ಕ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತಾರೆ; ಹೆಸರು ಅಂಟಿಕೊಂಡದ್ದು ಅಲ್ಲಿಂದಲೇ. ಬೆಳಗಿನ ಕೆಲಸಕ್ಕೆ ಸಂಬಳವಿಲ್ಲ. ಕಂಪ್ಯೂಟರ್ ಆನ್ ಆದೊಡನೆ ಒಳಗಿನ ಒಂದೊಂದು ಭಾಗವನ್ನೂ ಎಬ್ಬಿಸಿ ಕೆಲಸಕ್ಕೆ ಹಚ್ಚುವ ಮೂಲ ತಂತ್ರಾಂಶಕ್ಕೆ ಕರ್ನಲ್ ಎನ್ನುತ್ತಾರೆ. ದೇಶದೇಶಗಳ ಜನ ಕೂಡಿ ಬರೆಯುವ ಅಂಥದೊಂದು ಕರ್ನಲ್‌ನಲ್ಲಿ, ಹಳೆಯ ಯಂತ್ರಗಳ ಊನಗಳನ್ನು ಸಂಭಾಳಿಸುವ ಕೋಡ್ ಸಾಲುಗಳ ಉಸ್ತುವಾರಿ ಅಕ್ಕನದು. ಕಾರ್ಖಾನೆಯಲ್ಲೇ ಆದ ತಪ್ಪನ್ನು ಈಗ ತಿದ್ದಲಾಗದು, ತಯಾರಿಸಿದ ಕಂಪನಿಯೇ ಬಾಗಿಲು ಹಾಕಿಕೊಂಡು ಹೋಗಿದೆ. ಹೊಂದಿಕೊಂಡು ಹೋಗಬೇಕಾದದ್ದು ಕರ್ನಲ್ಲೇ.

ಈ ಯಂತ್ರದಲ್ಲಿರುವುದು ಪ್ರಿಂಟರಿಗೆ ಸಂಪರ್ಕ ಕೊಡುವ ಒಂದು ಕಾರ್ಡು. "ತಣ್ಣಗಿದ್ದಾಗ ಇದಕ್ಕೆ ಬೇಗ ಎಚ್ಚರ ಆಗಲ್ಲ. ಕರ್ನಲ್ ಬಂದು 'ಇದೀಯಾ?' ಅಂತ ಕೂಗುತ್ತೆ. ಇದು ಹೂಂ ಅನ್ನಲ್ಲ. ಇಲ್ವೇನೋ ಅಂದ್ಕೊಂಡು ಅದು ಮುಂದೆ ಹೋಗ್ಬಿಡುತ್ತೆ. ಸ್ವಲ್ಪ ತಡೆದು ಇನ್ನೊಂದ್ಸಲ ಕೂಗಪ್ಪಾ ಅಂತ ನಾನು ನಾಲ್ಕು ಸಾಲು ಬರೆದಿದ್ದೀನಿ, ಅಷ್ಟೇ" ಎನ್ನುತ್ತಾರೆ ಅಕ್ಕ.

ಆ ನಾಲ್ಕು ಸಾಲಿಗೀಗ ಸಂಚಕಾರ ಬಂದಿದೆ. "ಇವಿಲ್ಲದೆಯೂ ಕಾರ್ಡು ನಡೆಯುತ್ತಿದೆ, ಬಳಸುವವರೂ ಯಾರೂ ಕಾಣುತ್ತಿಲ್ಲ, ತೆಗೆದುಬಿಡೋಣ" ಎಂದು ದೂರದ ಸಹೋದ್ಯೋಗಿಯೊಬ್ಬರು ಬರೆದಿದ್ದಾರೆ. ಆಕ್ಷೇಪವಿದ್ದರೆ ಇವತ್ತು ಸಂಜೆಯೊಳಗೆ ಪುರಾವೆ ತೋರಿಸಬೇಕು. ಅಕ್ಕನಿಗೆ ಅವರ ಮೇಲೆ ಸಿಟ್ಟಿಲ್ಲ. "ಯಾಕೆ ಕಾಯ್ಬೇಕು ಅಂತ ಪಕ್ಕದಲ್ಲಿ ನಾನೇ ಬರೆದಿರ್ಲಿಲ್ಲ. ನನಗೆ ಗೊತ್ತಲ್ಲ ಅಂತ ಸುಮ್ಮನಿದ್ದೆ" ಎಂದು ನಗುತ್ತಾರೆ.

ಬಳಸುವವರು ಇದ್ದಾರೆ. ಅಂಧ ಮಕ್ಕಳ ಶಾಲೆಯೊಂದರಲ್ಲಿ ಬ್ರೈಲ್ ಪಠ್ಯಪುಸ್ತಕ ಅಚ್ಚು ಹಾಕುವ ಯಂತ್ರ ಇಂಥದೇ ಕಾರ್ಡನ್ನು ನಂಬಿದೆ. ಅಲ್ಲಿ ಮೊದಲಿದ್ದ ಆಪರೇಟರ್ ಹಿಂದೊಮ್ಮೆ ಸಹಾಯ ಕೇಳಿದ್ದರಿಂದ ಅಕ್ಕನಿಗೆ ಗೊತ್ತು. ಸಾಲುಗಳು ಹೋದರೆ ಮುಂದಿನ ಅಪ್‌ಡೇಟ್ ಆದ ಬೆಳಗ್ಗೆ ಯಂತ್ರ ಮೂಕವಾಗುತ್ತದೆ. ಎಬ್ಬಿಸದ ಹೊರತು ಕಾರ್ಡು ಬಿಸಿಯಾಗದು, ಹಾಗಾಗಿ ಎಷ್ಟು ಸಲ ಆನ್ ಮಾಡಿದರೂ ಅಷ್ಟೇ. ಕೆಟ್ಟಿತೆಂದು ಅದನ್ನು ಗುಜರಿಗೆ ಹಾಕುತ್ತಾರೆ. ಹೊಸದು ಬರುವವರೆಗೆ ಮಕ್ಕಳ ಬೆರಳಿಗೆ ಪಾಠವಿಲ್ಲ.

ಅಕ್ಕ ಆ ಸಾಲುಗಳನ್ನು ತೆಗೆದ ಕರ್ನಲ್ ಇರುವ ಪೆನ್‌ಡ್ರೈವ್ ಸಿಕ್ಕಿಸಿ ಸ್ವಿಚ್ಚಿನ ಮೇಲೆ ಬೆರಳಿಡುತ್ತಾರೆ. ಇವತ್ತು ಕಾರ್ಡು ಏಳಬಾರದು. "ಎಲ್ರೂ ಮೆಷಿನ್ ಓಡ್ಲಿ ಅಂತ ಬೇಡ್ಕೊಂಡ್ರೆ, ನಮ್ಮ ಸೊಸೆ ಓಡದೇ ಇರ್ಲಿ ಅಂತ ಬೇಡ್ಕೋತಾಳೆ" ಎಂದು ಅಡುಗೆಮನೆಯಿಂದ ಅತ್ತೆ ಛೇಡಿಸುತ್ತಾರೆ. ಪರದೆಯ ಮೇಲೆ ಸಂದೇಶಗಳು ಸರಸರ ಓಡುತ್ತವೆ. ಕೊನೆಗೆ ಒಂದು ಸಾಲು: ಪ್ರಿಂಟರ್ ಕಾರ್ಡ್ ಸಿಗಲಿಲ್ಲ.

ಯಜಮಾನರ ಮುಖ ಸಪ್ಪಗಾಗುತ್ತದೆ. "ಕೆಟ್ಹೋಯ್ತೇನೇ?"

"ಕೆಟ್ಟಿದೆ ರೀ! ತುಂಬಾ ಚೆನ್ನಾಗಿ ಕೆಟ್ಟಿದೆ!"

ಪರದೆಯ ಫೋಟೋ ದೂರದ ಸಹೋದ್ಯೋಗಿಗೆ ಹೋಗುತ್ತದೆ. ಮಧ್ಯಾಹ್ನದೊಳಗೆ ಉತ್ತರವೂ ಬರುತ್ತದೆ: "ನಾನು ನೋಡಿದ್ದು ಹಗಲೂ ರಾತ್ರಿ ಓಡುತ್ತ ಸದಾ ಬಿಸಿಯಾಗಿರುವ ಯಂತ್ರದಲ್ಲಿ. ಸಾಲುಗಳು ಇರಲಿ. ಕಾರಣವನ್ನೂ ದಯವಿಟ್ಟು ಬರೆದಿಡಿ." ಅಂಗಡಿಯಲ್ಲಿ ಗಿರಾಕಿಗಳ ನಡುವೆ ಬಿಡುವು ಮಾಡಿಕೊಂಡು ಅಕ್ಕ ಬರೆಯುತ್ತಾರೆ. ನಿನ್ನೆಯಿಂದ ಸರಿಯಾಗಿ ಊಟ ಸೇರಿರಲಿಲ್ಲ, ಇವತ್ತು ಡಬ್ಬಿ ಖಾಲಿಯಾಗಿದೆ.

ಈ ಬರಹಕ್ಕಾಗಿ ಪತ್ರಿಕೆಯಿಂದ ಫೋನ್ ಮಾಡಿದಾಗ ಶಾಲೆಯ ಈಗಿನ ಆಪರೇಟರಿಗೆ ಅಕ್ಕ ಯಾರೆಂದೇ ತಿಳಿಯಲಿಲ್ಲ. "ನಮ್ಮ ಮೆಷಿನ್ನಾ? ಹಳೇದು ನಿಜ. ಆದ್ರೆ ಒಂದು ದಿನಾನೂ ಕೈಕೊಟ್ಟಿಲ್ಲ. ಯಾರನ್ನಾದ್ರೂ ಕರೆಸಿದ್ದು ನೆನಪೇ ಇಲ್ಲ" ಎಂದರು.

ಈ ಮಾತನ್ನು ತಿಳಿಸಿದಾಗ ಅಕ್ಕ ಸ್ಕ್ರೂಡ್ರೈವರ್ ಕೆಳಗಿಡುತ್ತಾರೆ. ಮುಖ ಅರಳುತ್ತದೆ.

"ಹಾಗಂದ್ರಾ? ಮೆಷಿನ್ ನಿಂತ್ರೆ ತಾನೇ ಅವರು ನನ್ನ ಹುಡುಕೋದು. ನಾನ್ಯಾರು ಅಂತ ಅವರಿಗೆ ಗೊತ್ತಾಗೋದೇ ಬೇಡ, ಬಿಡಿ."